ತೀರಿಹೋದವರ ಬಟ್ಟೆ, ಹಸಿರು ಶಾಲು, ಕೌದಿ: ನನ್ನ ಅನುಭವ

ತೀರಿಹೋದವರ ಅಂಗಿ, ಧೋತರ, ಸೀರೆಗಳನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದರೆ ಅವು ಉಳಿಯುತ್ತವೆ ಅನ್ನುವುದು ಬರೀ ನಂಬಿಕೆ. ಗಂಜಿ ಹಾಕಿದ ಬಟ್ಟೆಗೆ ಹುಳ ಬೀಳುತ್ತದೆ, ಬೆವರು ಕುಡಿದ ಕಂಕುಳು, ಕೊರಳಪಟ್ಟಿ ಹಳದಿಗಟ್ಟಿ ಜೀರ್ಣವಾಗುತ್ತವೆ, ಒಂದೆರಡು ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ. ದಾನ ಕೊಡಲು ಮನಸ್ಸು ಒಪ್ಪದಿದ್ದರೆ ನಾನು ಮಾಡುವುದು ಒಂದೇ, ಅವನ್ನು ಪದರ ಪದರವಾಗಿ ಸೇರಿಸಿ ಹೊಲಿದು, ಕೌದಿ ಮಾಡಿ ಹೊದೆಯುವುದು.

ಹದಿಮೂರು ದಿನ ಮುಗಿದ ಕೂಡಲೇ ಕತ್ತರಿ ಹಿಡಿಯಬಾರದು. ಆಗ ಕೈಗೆ ಸಿಕ್ಕಿದ್ದನ್ನೆಲ್ಲ ಕೊಟ್ಟುಬಿಡುತ್ತೇವೆ, ಇಲ್ಲವೆ ಎಲ್ಲವನ್ನೂ ಇಟ್ಟುಕೊಳ್ಳುತ್ತೇವೆ. ಎರಡಕ್ಕೂ ಆಮೇಲೆ ಹಳಹಳಿ. ಬಟ್ಟೆಗಳನ್ನು ಒಮ್ಮೆ ಬಿಸಿಲಿಗೆ ಹಾಕಿ, ಹಳೇ ಧೋತರದಲ್ಲಿ ಗಂಟು ಕಟ್ಟಿಡಿ. ಪ್ಲಾಸ್ಟಿಕ್ ಚೀಲ ಬೇಡ, ಒಳಗೇ ಬೆವರುತ್ತದೆ. ಪಕ್ಷಮಾಸದ ಎಡೆ ಮುಗಿದ ಮೇಲೆ ಗಂಟು ಬಿಚ್ಚುವುದು ನನ್ನ ರೂಢಿ. ಆಸ್ಪತ್ರೆಯಲ್ಲಿ ಉಟ್ಟಿದ್ದವು ಕೌದಿಗೆ ಬೇಡ. ಔಷಧದ ಕಲೆ ಹೋಗುವುದಿಲ್ಲ, ಮುಟ್ಟಿದಾಗೆಲ್ಲ ಆ ಕೊನೆಯ ದಿನಗಳೇ ಕಣ್ಣಿಗೆ ಬರುತ್ತವೆ.

ಜನ ಹೆಚ್ಚು ಅಳುವುದು ಒಗೆಯುವಾಗ, ವಾಸನೆ ಹೋಗುತ್ತದಲ್ಲ ಎಂದು. ಒಂದು ಬಟ್ಟೆಯನ್ನು ಒಗೆಯದೆ ಮುಚ್ಚಳ ಬಿಗಿಯಿರುವ ಸ್ಟೀಲ್ ಡಬ್ಬಿಯಲ್ಲಿಡಿ. ಅಲ್ಲೂ ವಾಸನೆ ಕಾಲಕ್ಕೆ ಕರಗುತ್ತದೆ, ಆದರೆ ನಿಧಾನಕ್ಕೆ. ಉಳಿದವನ್ನು ಅಂಟುವಾಳದ ನೀರಿನಲ್ಲಿ ನೆನೆಸಿ, ಬಡಿಯದೆ ಹಿಂಡದೆ ಜಾಲಿಸಿ, ನೆರಳಲ್ಲಿ ಒಣಗಿಸಿ. ಕೆಂಪು ದಡಿಯ ಇಳಕಲ್ ಸೀರೆ ಇದ್ದರೆ ಮೊದಲು ಮೂಲೆಯನ್ನು ಒದ್ದೆ ಮಾಡಿ ಬಿಳಿ ಬಟ್ಟೆಗೆ ಒತ್ತಿ ನೋಡಿ. ಬಣ್ಣ ಬಿಟ್ಟರೆ ಅದಷ್ಟನ್ನೇ ಬೇರೆ ನೀರಿಗೆ ಹಾಕಿ, ನೀರು ತಿಳಿಯಾಗುವ ತನಕ ಬದಲಿಸಬೇಕು.

ಆಮೇಲೆ ಜೀವ ನೋಡುವುದು. ಬಟ್ಟೆಯನ್ನು ಬೆಳಕಿಗೆ ಹಿಡಿದು, ಎರಡು ಹೆಬ್ಬೆರಳಿನಿಂದ ಅಡ್ಡಕ್ಕೆ ಎಳೆಯಿರಿ. ಟರ್ ಅಂದರೆ ಅದು ಒಳಪದರಕ್ಕೆ. ಮೇಲೆ ಹಾಕಿದರೆ ತಿಂಗಳಲ್ಲಿ ಹರಿಯುತ್ತದೆ. ಹೊಸ ಬಟ್ಟೆಯನ್ನು ಒಗೆಯದೆ ಸೇರಿಸಬೇಡಿ. ಮೊದಲ ಒಗೆತಕ್ಕೆ ಅದು ಕುಗ್ಗುತ್ತದೆ, ಹಳೆಯದು ಕುಗ್ಗುವುದಿಲ್ಲ, ಕೌದಿಯೆಲ್ಲ ನಿರಿಗೆ ಬೀಳುತ್ತದೆ. ಜರಿ, ಹುಕ್ಕು, ಗುಂಡಿ ಕಿತ್ತುಹಾಕಿ.

ರೈತ ಸಂಘದವರ ಮನೆಯ ಗಂಟಿನಲ್ಲಿ ಸಂಘದ ಗುರುತಾದ ಹಸಿರು ಶಾಲೂ ಇರುತ್ತದೆ. 1980ರ ಜುಲೈಯಲ್ಲಿ ನರಗುಂದ, ನವಲಗುಂದದಲ್ಲಿ ಮಲಪ್ರಭಾ ಅಚ್ಚುಕಟ್ಟಿನ ಕರದ ವಿರುದ್ಧ ಎದ್ದ ರೈತರ ಮೇಲೆ ಗುಂಡು ಹಾರಿತು, ಅದೇ ವರ್ಷ ಸಂಘ ಹುಟ್ಟಿತು. ಸಂಘದ ನಾಯಕ ಪ್ರೊ. ಎಂ.ಡಿ. ನಂಜುಂಡಸ್ವಾಮಿ 2004ರ ಫೆಬ್ರವರಿ 3ರಂದು ತೀರಿಕೊಂಡರು. ಅವರಿದ್ದಾಗಲೂ ಆಮೇಲೂ ಸಂಘ ಒಡೆದು ಬಣಗಳಾಯಿತು, ಬಣಗಳ ಹೆಗಲ ಮೇಲೆ ಮಾತ್ರ ಅದೇ ಹಸಿರು. ಹಾಗಾಗಿ ಅಂಥ ಮನೆಯಲ್ಲಿ ಶಾಲು ಮಡಿಸುವಾಗ ಅಪ್ಪನನ್ನು ಕಳೆದುಕೊಂಡ ದುಃಖ ಯಾವುದು, ಚಳವಳಿಯನ್ನು ಕಳೆದುಕೊಂಡ ದುಃಖ ಯಾವುದು ಎಂದು ಬೇರೆ ಮಾಡಲು ಬರುವುದಿಲ್ಲ. ಬೇರೆ ಮಾಡಲೂ ಹೋಗಬೇಡಿ. ಗಟ್ಟಿಯಿರುವ ಶಾಲನ್ನು ಕತ್ತರಿಸದೆ ಎತ್ತಿಡಿ, ಮನೆಯಲ್ಲಿ ಯಾರಾದರೂ ಅದನ್ನು ಮತ್ತೆ ಹೆಗಲಿಗೆ ಹಾಕಿಕೊಂಡಾರು. ಹರಿದದ್ದು ಕೌದಿಗೆ.

ಅದಕ್ಕೂ ಮೊದಲು ಶಾಲಿನ ಒಂದೆಳೆ ಕಿತ್ತು ಕಡ್ಡಿಗೀರಿ ಸುಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಮುದುಡಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಚುನಾವಣೆಯಲ್ಲಿ ಹಂಚುವ ಪಕ್ಷದ ಶಾಲುಗಳು ಹೆಚ್ಚಾಗಿ ಈ ಜಾತಿಯವೇ. ಅವು ಸೂಜಿಯ ಕೆಳಗೆ ಜಾರುತ್ತವೆ, ಬೆವರು ಹೀರುವುದಿಲ್ಲ. ಸೋತ ಚುನಾವಣೆಯ ನೆನಪು ಬೇಕೇ ಬೇಕೆಂದರೆ ಅದರಿಂದ ಕಾಳಿನ ಚೀಲ ಹೊಲಿಯಿರಿ. ರಾಷ್ಟ್ರಧ್ವಜವನ್ನು ಮಾತ್ರ ಕೌದಿಗೆ ಸೇರಿಸಬಾರದು. ಹರಿದ ಧ್ವಜವನ್ನು ಇಡಿಯಾಗಿ, ಖಾಸಗಿಯಾಗಿ, ಸಾಧ್ಯವಾದರೆ ಸುಟ್ಟು ವಿಲೇವಾರಿ ಮಾಡಬೇಕೆಂದು 2002ರ ಧ್ವಜ ಸಂಹಿತೆ ಹೇಳುತ್ತದೆ.

ಅಳತೆ ಸುಲಭ. ಆರು ಗಜದ ಸೀರೆ ಅಂದರೆ 18 ಅಡಿ. 6 ಅಡಿಯ ಮೂರು ತುಂಡು. ಒಂದು ಕೆಳಗೆ, ಒಂದು ನಡುವೆ, ಒಂದು ಮೇಲೆ. ಅಗಲ ಸುಮಾರು 45 ಇಂಚು, ಒಬ್ಬರಿಗೆ ಸಾಕು. ಮೇಲಿನ ಪದರಕ್ಕೆ ಅಂಗಿ, ಧೋತರ, ಶಾಲಿನ ತುಂಡು ಹಚ್ಚುತ್ತ ಹೋಗುವುದು. ಎಲ್ಲ ಸೇರಿ 5 ಪದರ ಮೀರಬಾರದು, ಮೀರಿದರೆ ಸೂಜಿ ಇಳಿಯುವುದಿಲ್ಲ, ಒಗೆದರೆ ನಡುವೆ ಒಣಗುವುದಿಲ್ಲ.

ದಾರದಲ್ಲೇ ಹೆಚ್ಚು ಜನ ತಪ್ಪುವುದು. ಗಟ್ಟಿಯಿರಲಿ ಎಂದು ನೈಲಾನ್ ದಾರ ತಂದರೆ ಅದು ಹಳೇ ಹತ್ತಿಯನ್ನು ಕೊಯ್ಯುತ್ತದೆ. ದಾರ ಬಟ್ಟೆಗಿಂತ ಮೆತ್ತಗಿರಬೇಕು. ಎಳೆದಾಗ ದಾರ ಹರಿದರೆ ಮತ್ತೆ ಹೊಲಿಯಬಹುದು, ಬಟ್ಟೆ ಹರಿದರೆ ಹೋಯಿತು. ಹತ್ತಿಯ ದಾರ 150 ಮೀಟರ್ ಇಟ್ಟುಕೊಳ್ಳಿ. ದಬ್ಬಳ ಬೇಡ, ಅದರ ತೂತು ಮುಚ್ಚುವುದಿಲ್ಲ. ಉದ್ದನೆಯ ತೆಳು ಸೂಜಿ ಸಾಕು. ದಾರ ಎರಡು ಮೊಳಕ್ಕಿಂತ ಉದ್ದವಾದರೆ ಗಂಟಾಗುತ್ತದೆ.

ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬನ್ನಿ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಸಮುದಾಯದ ಹೆಂಗಸರ ಕ್ರಮ ಇದು. ನಾಲ್ಕು ಮೂಲೆಗೆ ಬಟ್ಟೆ ಮಡಿಸಿ ಹೂವನ್ನೂ ಇಡುತ್ತಾರೆ. ಹೊಲಿಗೆ ಜೋಳದ ಕಾಳಿನಷ್ಟು, ಸಾಲಿನಿಂದ ಸಾಲಿಗೆ ಒಂದು ಬೆರಳಗಲ. ಆರೆಂಟು ಸಾಲಿಗೊಮ್ಮೆ ಕೌದಿಯನ್ನು ನೆಲಕ್ಕೆ ಹಾಸಿ ಅಂಗೈಯಿಂದ ಸವರಿ. ಇಲ್ಲದಿದ್ದರೆ ಕೆಳಪದರ ಮುದುಡಿದ್ದು ಗೊತ್ತೇ ಆಗುವುದಿಲ್ಲ, ನಡುವಿಗೆ ಬಂದಾಗ ಗುಬ್ಬಿಗೂಡಿನ ಹಾಗೆ ಉಬ್ಬುತ್ತದೆ. ದಿನಕ್ಕೊಂದು ತಾಸು ಕೂತರೆ ಸುಮಾರು ತಿಂಗಳ ಕೆಲಸ.

ಅಂಗಿಯ ಕಿಸೆಯನ್ನು ಬಿಚ್ಚಬೇಡಿ. ಹಿಂದಿನ ಬಟ್ಟೆ ಸಮೇತ ಕತ್ತರಿಸಿ, ಹೊದ್ದಾಗ ಎದೆಯ ಮೇಲೆ ಬರುವ ಕಡೆ ಹಚ್ಚಿ. ಸಾಲು ಕಿಸೆಯ ಹತ್ತಿರ ಬಂದಾಗ ಸೂಜಿ ಹಿಂದಿನ ಬಟ್ಟೆಯಲ್ಲೇ ಹಾಯಲಿ, ಬಾಯಿ ತೆರೆದಿರಲಿ. ಪೆನ್ನಿನ ಮಸಿಯ ಕಲೆ ಇದ್ದರೆ ಇರಲಿ. ಶಾಲಿನ ತುಂಡು ತಲೆಯ ಕಡೆಗೆ. ಕಾಲಿನ ಕಡೆ ಹಾಕಿದರೆ ಮನೆಯ ಹಿರಿಯರು ಹೊದೆಯುವುದಿಲ್ಲ, ಇದು ಖಂಡಿತ.

ಮುಗಿದ ಕೌದಿಯನ್ನು ಮತ್ತೆ ಟ್ರಂಕಿಗೆ ಸೇರಿಸಿದರೆ ಇಷ್ಟೆಲ್ಲ ದಂಡ. ದಿನಾ ಹೊದೆಯಿರಿ, ವಾರಕ್ಕೊಮ್ಮೆ ಬಿಸಿಲಿಗೆ ಹಾಕಿ. ವರ್ಷಕ್ಕೆರಡು ಸಲ ದೊಡ್ಡ ಟಬ್ಬಿನಲ್ಲಿ ಕಾಲಿನಿಂದ ತುಳಿದು ಒಗೆಯಿರಿ, ಎತ್ತುವಾಗ ಇಬ್ಬರು ಬೇಕು. ಹರಿದ ಕಡೆ ಹೊಸ ತುಂಡು ಹಚ್ಚಲು ಹಿಂಜರಿಯಬೇಡಿ, ಅದಕ್ಕೆಂದೇ ಶಾಲಿನ, ಸೀರೆಯ ನಾಲ್ಕಾರು ಚೂರುಗಳನ್ನು ಮೊದಲೇ ಎತ್ತಿಟ್ಟಿರಬೇಕು.