ಯಾವ ಅಧಿಕಾರ ಯಾರದ್ದು? ಒಂದು ಅಚ್ಚು ಬೆಲ್ಲದಿಂದ ಶುರು ಮಾಡಿ

ಮಂಡ್ಯದಲ್ಲಿ ಪಿಯುಸಿ ಮಕ್ಕಳಿಗೆ ಯುರೋಪಿಯನ್ ಒಕ್ಕೂಟದ ಪಾಠ ಮಾಡುವಾಗ ನಾನು ಮೇಜಿನ ಮೇಲೆ ಒಂದು ಅಚ್ಚು ಬೆಲ್ಲ ಇಡುತ್ತೇನೆ. ಆಲೆಮನೆಯಿಂದ ತಂದದ್ದು, ಕೈಗೆ ಇನ್ನೂ ಅಂಟುತ್ತಿರುತ್ತದೆ. ಇದು ಜರ್ಮನಿಗೆ ಹೋದರೆ ಆಮದು ಸುಂಕ ನಿಗದಿ ಮಾಡುವವರು ಯಾರು? ಬರ್ಲಿನ್ ಅಲ್ಲ, ಒಕ್ಕೂಟ.

ಯಾವುದೇ ವಿಷಯದ ಅಧಿಕಾರ ಒಕ್ಕೂಟದ್ದಾ, ಸದಸ್ಯ ದೇಶಗಳದ್ದಾ ಎಂದು ತಿಳಿಯಲು ಮೊದಲು ಕೇಳಿಕೊಳ್ಳಿ: ಇದು ಒಕ್ಕೂಟಕ್ಕೇ ಮೀಸಲಾದ ವಿಷಯವಾ? ಸುಂಕ, ಹೊರದೇಶಗಳ ಜೊತೆಗಿನ ವ್ಯಾಪಾರ ಒಪ್ಪಂದ ಇಲ್ಲಿ ಬರುತ್ತವೆ. ಕೃಷಿ, ಪರಿಸರ, ಸಾರಿಗೆ ಒಕ್ಕೂಟವೂ ದೇಶಗಳೂ ಹಂಚಿಕೊಂಡದ್ದು. ಶಿಕ್ಷಣ, ಸಂಸ್ಕೃತಿಯಲ್ಲಿ ಒಕ್ಕೂಟ ಬರೀ ನೆರವು ಕೊಡಬಹುದು.

ಈ ಮೂರರ ಯಾವ ಪಟ್ಟಿಯಲ್ಲೂ ಇಲ್ಲದ್ದು? ಮಕ್ಕಳು ಜಾಸ್ತಿ ಎಡವುವುದು ಇಲ್ಲೇ. ನಮ್ಮಲ್ಲಿ ಹೀಗೆ ಪಟ್ಟಿಗಳಿಂದ ಹೊರಗುಳಿದ ವಿಷಯಗಳ ಅಧಿಕಾರ, ಅಂದರೆ ಶೇಷಾಧಿಕಾರ, ಸಂಸತ್ತಿಗೆ, ಸಂವಿಧಾನದ 248ನೇ ವಿಧಿ. ಅಲ್ಲಿ ಉಲ್ಟಾ, ಸದಸ್ಯ ದೇಶಗಳಿಗೇ.

ಹಂಚಿಕೊಂಡ ವಿಷಯಕ್ಕೆ ಇನ್ನೊಂದು ಪ್ರಶ್ನೆ ಇದೆ: ಈ ಕೆಲಸ ದೇಶಗಳೇ ಸರಿಯಾಗಿ ಮಾಡಬಲ್ಲವಾ? ಹಾಗಿದ್ದರೆ ಒಕ್ಕೂಟ ಕೈಹಾಕುವಂತಿಲ್ಲ. ಒಕ್ಕೂಟದ ಕರಡು ಕಾನೂನು ಕೈಸೇರಿದ 8 ವಾರದೊಳಗೆ ದೇಶಗಳ ಸಂಸತ್ತುಗಳು ಆಕ್ಷೇಪ ಹೇಳಬಹುದು. ಪ್ರತಿ ದೇಶಕ್ಕೆ 2 ಮತ. ಸಾಮಾನ್ಯವಾಗಿ ಮೂರನೇ ಒಂದರಷ್ಟು ಮತ ಬಿದ್ದರೆ ಕರಡನ್ನು ಮತ್ತೆ ಪರಿಶೀಲಿಸಲೇಬೇಕು. 2009ರಲ್ಲಿ ಜಾರಿಗೆ ಬಂದ, ಒಕ್ಕೂಟದ ನಿಯಮಗಳನ್ನು ತಿದ್ದಿದ ಲಿಸ್ಬನ್ ಒಪ್ಪಂದದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಇದನ್ನು ಹೇಳಿದ ಮೇಲೇ ಬೆಲ್ಲ ಒಡೆದು ಹಂಚುತ್ತೇನೆ.