ಬೇವು ಉಳಿಸಿ, ಬಳ್ಳಾರಿ ಜಾಲಿ ಕಿತ್ತು ಸೀನು ಇಳಿಸಿದ್ದು: ನನ್ನ ಅನುಭವ

ಶಿವರಾತ್ರಿ ಮುಗಿದು ಹೊಂಗೆ ಚಿಗುರಿತೆಂದರೆ ಬಳ್ಳಾರಿ ಸೀಮೆಯಲ್ಲಿ ಸೀನು ಶುರು. ಸಂಡೂರಿನ ಗುಡ್ಡಗಳಲ್ಲಿ ಮುತ್ತುಗ ಎಲೆ ಉದುರಿಸಿ ಬರೀ ಹೂವಾಗಿ ನಿಂತಿರುತ್ತದೆ. ಯುಗಾದಿ ಹೊತ್ತಿಗೆ ಬೇವಿನ ಹೂವು ಅಂಗಳದ ತುಂಬ ಉದುರಿ, ಗುಡಿಸಿದರೆ ರವೆಯ ಹಾಗೆ ಗುಡ್ಡೆಯಾಗುತ್ತದೆ. ಕಣ್ಣಿಗೆ ಬೀಳುವುದು ಇವೇ, ಹಾಗಾಗಿ ಬೈಸಿಕೊಳ್ಳುವುದೂ ಇವೇ. "ಮನಿ ಮುಂದಿನ ಬೇವು ಕಡಿಸ್ರಿ, ಸೀನು ತಾನಾ ನಿಂದರ್ತೈತಿ" ಅಂದವರು ಹತ್ತಾರು ಮಂದಿ. ಬೇವು ಈಗಲೂ ಇದೆ. ಹೋದದ್ದು ಮನೆಯ ಮೂಡಣಕ್ಕಿದ್ದ 30 ಗುಂಟೆ ಜಾಲಿ. ನಾಲ್ಕು ವರ್ಷ ಹಿಡಿಯಿತು, ಮೂರು ಸಲ ಸೋತಿತು, ಕೊನೆಗೆ ಕೈಗೂಡಿತು.

ಮಾತ್ರೆ, ಮೂಗಿನ ಸ್ಪ್ರೇ ನಿಮಗೆ ಗೊತ್ತಿರುವುದೇ. ಉಬ್ಬಸ ಇರುವವರು ಡಾಕ್ಟರು ಕೊಟ್ಟ ಪಂಪು ಬಿಡುವ ಮಾತೇ ಇಲ್ಲ. ನಾನು ಬರೆಯುತ್ತಿರುವುದು ಗಾಳಿಯಲ್ಲಿ ಬರುವ ಪರಾಗವನ್ನು ಹಿಡಿದು ನೋಡಿ, ಅದರ ಮೂಲಕ್ಕೆ ಕೈಹಾಕುವ ಕೆಲಸದ ಬಗ್ಗೆ.

ಹಿಡಿಯುವ ಸಾಧನ ಸರಳ: ಎರಡು ಊಟದ ಸ್ಟೀಲ್ ತಟ್ಟೆ, ಆರು ಇಂಚಿನ ಮೂರು ಬೋಲ್ಟು, ಒಂಬತ್ತು ನಟ್ಟು. ತಟ್ಟೆಗಳ ನಡುವೆ ನಾಲ್ಕು ಇಂಚು ಜಾಗ. ಎರಡನ್ನೂ ಬೋರಲು ಹಾಕಬೇಕು. ಕೆಳಗಿನದನ್ನು ಅಂಗಾತ ಇಟ್ಟರೆ ಅಂಚು ಗಾಳಿಗೆ ಅಡ್ಡ ನಿಂತು, ನಡುವೆ ಇಡುವ ಸ್ಲೈಡಿನ (ಅಂಟು ಸವರಿದ ಗಾಜಿನ ಪಟ್ಟಿಯ) ಮೇಲೆ ಏನೂ ಬೀಳುವುದಿಲ್ಲ. ನನ್ನ ಮೊದಲ ಹತ್ತು ದಿನ ಹೀಗೇ ದಂಡವಾದವು. ಕೆಳತಟ್ಟೆಯಿಂದ ಒಂದು ಇಂಚು ಮೇಲೆ ಬಟ್ಟೆ ಕ್ಲಿಪ್ಪಿನಲ್ಲಿ ಸ್ಲೈಡು. ಇಡೀ ಜೋಡಣೆ ಮಾಳಿಗೆ ಮೇಲೆ, ಸುತ್ತಗೋಡೆಗಿಂತ ಎತ್ತರದಲ್ಲಿರಬೇಕು. ದಿನಕ್ಕೊಂದು ಸ್ಲೈಡು, ಬೆಳಿಗ್ಗೆ ಎಂಟಕ್ಕೆ ಬದಲಿ.

ಅಂಟಿನ ವಿಷಯದಲ್ಲಿ ನಮ್ಮ ಬಿಸಿಲು ಕಾಡಿಸುತ್ತದೆ. ಗ್ಲಿಸರಿನ್ ಜೆಲ್ಲಿ ಸವರಿದರೆ ಬೆಳಿಗ್ಗೆ ಹನ್ನೊಂದಕ್ಕೆಲ್ಲ ಕರಗಿ ತಟ್ಟೆಗೆ ಇಳಿದಿರುತ್ತದೆ. ವ್ಯಾಸಲೀನ್ ದಪ್ಪ ಬಳಿದರೆ ಧೂಳಿನಲ್ಲಿ ಪರಾಗ ಹೂತುಹೋಗುತ್ತದೆ. ವ್ಯಾಸಲೀನಿಗೆ ಜೇನುಮೇಣ ಕರಗಿಸಿ ಬೆರೆಸಿದ ಮೇಲೆ ಏಪ್ರಿಲ್ ಬಿಸಿಲಿಗೂ ನಿಂತಿತು. ಅದರ ಪಾಲು ಹೇಳುವುದಿಲ್ಲ, ನೀವೇ ನಾಲ್ಕು ಸಲ ಮಾಡಿ ನೋಡಿ, ನಿಮ್ಮ ಬಿಸಿಲಿಗೆ ಹೊಂದುವುದು ಸಿಗುತ್ತದೆ. ಪರಾಗ ಎದ್ದು ಕಾಣಲು ಹಾಕುವ ಬಣ್ಣದ ಜೆಲ್ಲಿಯಲ್ಲಿ ಮುಚ್ಚುಮರೆ ಇಲ್ಲ: ಜೆಲಾಟಿನ್ 7 ಗ್ರಾಂ, ನೀರು 40 ಎಂಎಲ್, ಗ್ಲಿಸರಿನ್ 50 ಎಂಎಲ್, ಫುಕ್ಸಿನ್ ಎಂಬ ಬಣ್ಣ ಎರಡು ಹರಳು. ಸ್ಲೈಡಿನ ಮೇಲೆ ಸಾಸಿವೆಯಷ್ಟು ಇಟ್ಟು, ಕವರ್‌ಸ್ಲಿಪ್ (ತೆಳು ಗಾಜಿನ ಚೂರು) ಮುಚ್ಚಿ, ಬಿಸಿ ಚಹಾದ ಲೋಟದ ಮೇಲೆ ಹಿಡಿದರೆ ಕರಗಿ ಹರಡುತ್ತದೆ. ಶಾಲೆಯ ಮಟ್ಟದ ಸೂಕ್ಷ್ಮದರ್ಶಕ ಸಾಕು. ಹಳೆಯದು ನಾಲ್ಕು ಸಾವಿರದ ಆಸುಪಾಸಿಗೆ ಸಿಕ್ಕಿತು.

ಫಾಲ್ಗುಣದ ಸ್ಲೈಡಿನಲ್ಲಿ ಕಂಡದ್ದು ಇಷ್ಟು. ಮೂರು ಮೂಲೆಯ, ಮೂರು ಸೀಳಿನ, ಬಣ್ಣ ಹಿಡಿದು ಗುಲಾಬಿಯಾದ ಪರಾಗದ ಕಾಳುಗಳೇ ಹೆಚ್ಚು, ಅವು ಜಾಲಿ. ನಡುವೆ ಒಂದೇ ತೂತಿನ ಗುಂಡು ಕಾಳು, ಹುಲ್ಲಿನ ಜಾತಿ. ಮೈತುಂಬ ಮುಳ್ಳಿರುವ ಪುಟ್ಟ ಕಾಳು ಕಾಂಗ್ರೆಸ್ ಗಿಡದ್ದು. ಬೇವಿನದು ನಾಲ್ಕು ಸೀಳು, ಚೌಕದ ಹಾಗೆ ಕಾಣುತ್ತದೆ. ಹೆಸರು ಹಚ್ಚುವ ಮೊದಲು ಆಯಾ ಹೂವನ್ನೇ ಕಿತ್ತು ತಂದು ಒಂದೊಂದು ಮಾದರಿ ಸ್ಲೈಡು ಮಾಡಿಟ್ಟುಕೊಳ್ಳಿ, ಊಹೆಯ ಮೇಲೆ ಎಣಿಸಬೇಡಿ. ಒಂದು ಚದರ ಸೆಂಟಿಮೀಟರಿಗೆ ದಿನಕ್ಕೆ ಜಾಲಿ 60–70, ಬೇವು ಮೂರೋ ನಾಲ್ಕೋ. ಅದೂ ಬೇವು ಮಾಳಿಗೆಗೆ ಹತ್ತು ಅಡಿ ದೂರದಲ್ಲೇ ಇದ್ದಾಗ. ಬೇವಿನ ಪರಾಗ ಅಂಟಂಟು, ಹುಳದ ಕಾಲಿಗೆ ಹತ್ತಿ ಹೋಗುವಂಥದ್ದು. ಮುತ್ತುಗದ್ದು ಹಕ್ಕಿಯ ಕೊಕ್ಕಿಗೆ ಹತ್ತುವಂಥದ್ದು, ನಾಲ್ಕು ವರ್ಷದಲ್ಲಿ ಒಂದು ಕಾಳೂ ಬೀಳಲಿಲ್ಲ. ಜಾಲಿಗೆ ಜೇನೂ ಬರುತ್ತದೆ, ಆದರೆ ಗಾಳಿಗೂ ಅಷ್ಟೇ ಧಾರಾಳವಾಗಿ ಬಿಡುತ್ತದೆ.

ನಮ್ಮ ಜಿಲ್ಲೆಯವರು ಮೋಸ ಹೋಗುವ ಜಾಗ ಒಂದಿದೆ. ಸ್ಲೈಡಿನಲ್ಲಿ ಗಾಜಿನ ಗೋಲಿಯಂಥ ಗುಂಡು ಕಣಗಳು ರಾಶಿ ಇರುತ್ತವೆ. ಮೊದಲ ತಿಂಗಳು ಅವನ್ನೂ ಹುಲ್ಲಿನ ಪರಾಗವೆಂದು ಎಣಿಸಿದೆ. ಅವು ಕಲ್ಲಿದ್ದಲಿನ ಹಾರುಬೂದಿ. ಫುಕ್ಸಿನ್ ಬಣ್ಣ ಹಿಡಿಯುವುದಿಲ್ಲ, ಅದೇ ಗುರುತು. ಕೆಂಪು ಕಪ್ಪಾದ ಚೂಪು ಚೂರುಗಳು ಅದಿರಿನ ಧೂಳು. ಮಾಳಿಗೆ ಗುಡಿಸಿದ ಧೂಳನ್ನು ಕಾಗದದ ಮೇಲೆ ಹರಡಿ ಕೆಳಗೆ ಸ್ಪೀಕರಿನ ಆಯಸ್ಕಾಂತ ಆಡಿಸಿದೆ, ಕಪ್ಪು ಗೆರೆಯೊಂದು ಅದರ ಹಿಂದೆಯೇ ಹರಿದು ಬಂತು. ಮಾಘದಲ್ಲಿ ಕಣದ ಮೆಣಸಿನಕಾಯಿ ಘಾಟು ಬೇರೆ. ಇವೂ ಸೀನಿಸುತ್ತವೆ, ಆದರೆ ವರ್ಷವಿಡೀ ಇರುವ ಬೂದಿ, ಅದಿರು ಚೈತ್ರದಲ್ಲಷ್ಟೇ ಕಣ್ಣು ತುರಿಸಲು ಕಾರಣವಲ್ಲ. ಸೀನಿನ ಲೆಕ್ಕವನ್ನೂ ಕ್ಯಾಲೆಂಡರಿನಲ್ಲಿ ಗೀಟು ಹಾಕಿ ಇಟ್ಟಿದ್ದೆ, ಅದು ಏರಿಳಿದದ್ದು ಜಾಲಿಯ ಜೊತೆಗೇ.

ಜಾಲಿ ಮೆಕ್ಸಿಕೊ, ಮಧ್ಯ ಅಮೆರಿಕದ ಕಡೆಯ ಮರ, 19ನೇ ಶತಮಾನದಲ್ಲಿ ಈ ದೇಶಕ್ಕೆ ತಂದದ್ದು. ನಮ್ಮ ಜಿಲ್ಲೆಯ ಹೆಸರು ಹೊತ್ತು ಕೂತಿದೆ, ನನಗೆ ಅದೇ ನೋವು. ಕಡಿಯುತ್ತೇನೆ ಅಂದಾಗ ಊರವರು ಹೇಳಿದ್ದು ಒಂದೇ: "ಒಂದು ಕಡದ್ರ ಹತ್ತು ಚಿಗೀತೈತಿ." ಅವರ ಮಾತು ಅರ್ಧ ನಿಜ.

ಮೊದಲ ವರ್ಷ ಜನವರಿಯಲ್ಲಿ ನೆಲಮಟ್ಟಕ್ಕೆ ಕೊಡಲಿ ಹಾಕಿಸಿದೆ. 150 ಮರ, ಕೂಲಿ ಒಂಬತ್ತು ಸಾವಿರ, ಕಟ್ಟಿಗೆ ಮಾರಿ ಬಂದದ್ದು ಹದಿನಾಲ್ಕು ಸಾವಿರ. ಲಾಭ ಅಂದುಕೊಂಡೆ. ಯುಗಾದಿಗೆ ಒಂದೊಂದು ಬುಡದಲ್ಲಿ ಎಂಟು ಹತ್ತು ಚಿಗುರು. ಎರಡನೇ ವರ್ಷ ಬುಡಕ್ಕೆ ಸುಟ್ಟ ಆಯಿಲ್, ಡೀಸೆಲ್ ಸುರಿದು ಬೆಂಕಿ ಇಟ್ಟೆವು. ಎರಡೂವರೆ ಸಾವಿರ ಹೊಗೆಯಾಯಿತು, ಮೇಲಿನ ಮೊಂಡು ಕರಿದಾಯಿತು, ಪಕ್ಕದಿಂದ ಮತ್ತೆ ಚಿಗುರಿತು. ಅದನ್ನು ಯಾರೂ ಮಾಡಬೇಡಿ, ಮಣ್ಣೂ ಕೆಡುತ್ತದೆ. ಮೂರನೇ ವರ್ಷ ಬೇಸಿಗೆಯಲ್ಲಿ ಜೆಸಿಬಿ, ಗಂಟೆಗೆ 1,200ರಂತೆ ಏಳು ಗಂಟೆ. ಒಣಗಿದ ಎರೆ ಮಣ್ಣು ಕಲ್ಲಿನಂತೆ ಬಿಗಿದಿತ್ತು. ಸುಮಾರು 60 ಬುಡ ಪೂರ್ತಿ ಬಂದವು, ಉಳಿದ 90 ನಡುವೆ ಮುರಿದು ಒಳಗೇ ಉಳಿದವು. ನೆಲ ಕೆದರಿದ್ದಕ್ಕೆ ಮಳೆ ಬಿದ್ದೊಡನೆ ಹಳೆಯ ಬೀಜಗಳೆಲ್ಲ ಎದ್ದು, ಜಾಲಿಯ ಸಸಿಮಡಿ ಹಾಕಿದ ಹಾಗಾಯಿತು.

ಬುಡ ಅಗೆದು ನೋಡಿದರೆ ತಪ್ಪು ಕಾಣುತ್ತದೆ. ಕಾಂಡವೂ ಬೇರೂ ಕೂಡುವಲ್ಲಿ ಊದಿದ ಗಂಟೊಂದಿದೆ, ಮೊಗ್ಗುಗಳೆಲ್ಲ ಅದರ ಮೈಮೇಲೆ. ಗಂಟಿನ ಕೆಳಗಿನ ಬೇರಿಗೆ ಚಿಗುರುವ ಶಕ್ತಿ ಇಲ್ಲ. ಅಂದರೆ ಇಡೀ ಬೇರು ಕೀಳಬೇಕಿಲ್ಲ, ಗಂಟು ತೆಗೆದರೆ ಮುಗಿಯಿತು. ನಾಲ್ಕನೇ ವರ್ಷ ಆಗಸ್ಟ್ ಕೊನೆಯಲ್ಲಿ ಮಳೆಯಾಗಿ ನಾಲ್ಕೈದು ದಿನ ಬಿಟ್ಟು, ಎರೆ ಗುದ್ದಲಿಗೆ ಅಂಟದ ಹದಕ್ಕೆ ಬಂದಾಗ, ಬುಡದ ಸುತ್ತ ಒಂದೂವರೆ ಅಡಿ ಅಗಲ, ಒಂದು ಅಡಿಗಿಂತ ತುಸು ಆಳ ಬಿಡಿಸಿದೆವು. ಪಕ್ಕದ ಬೇರುಗಳನ್ನು ಮೊದಲು ಕತ್ತರಿಸಿ, ಆಮೇಲೆ ತಾಯಿಬೇರನ್ನು ಗಂಟಿನ ನಾಲ್ಕು ಬೆರಳು ಕೆಳಗೆ ಕಡಿದು, ಹಾರೆಯಿಂದ ಮೀಟಿ ಎತ್ತಬೇಕು. ಕೊಡಲಿ ಮಣ್ಣಿಗೆ ಬಿದ್ದು ಬೇಗ ಮೊಂಡಾಗುತ್ತದೆ, ಅರ ಜೊತೆಗಿರಲಿ. ಕಡಿದ ಮೇಲೆ ಬಿಳಿಯ ಬೇರು ಮಾತ್ರ ಉಳಿಯಬೇಕು. ಅಂಚಿನಲ್ಲಿ ಗಂಟಿನ ಚೂರು ಅಂಗೈಯಷ್ಟು ಉಳಿದರೂ ಅಲ್ಲಿಂದಲೇ ಚಿಗುರು. ಒಬ್ಬ ಆಳು ದಿನಕ್ಕೆ ಆರೇಳು ಬುಡ. ಸುಮಾರು ಎಂಟು ಸಾವಿರ ಕೂಲಿ. 90ರಲ್ಲಿ ಮತ್ತೆ ಚಿಗುರಿದ್ದು ಐದು.

ಸಸಿಗಳು ಗೇಣುದ್ದ ಇರುವಾಗಲೇ ಹಸಿ ನೆಲದಲ್ಲಿ ಕೈಯಿಂದ ಕೀಳಬೇಕು, ಮೊಳ ದಾಟಿದರೆ ಗುದ್ದಲಿ ಬೇಕು. ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ನಿಲ್ಲಿಸುವವರು ಇದನ್ನು ಗಮನಿಸಿ: ಜಾಲಿ ಕಾಯಿ ತಿಂದ ಕುರಿಯ ಹಿಕ್ಕೆಯಲ್ಲಿ ಬೀಜ ಜೀವಂತ ಬರುತ್ತದೆ. ಬೇಸಿಗೆಯಲ್ಲಿ ಕಾಯಿ ಉದುರುವ ತಿಂಗಳಲ್ಲಿ ನಿಲ್ಲಿಸಿದ ಒಂದು ಮೂಲೆಯಲ್ಲಿ, ಬರೀ ನಾಲ್ಕು ರಾತ್ರಿಗೆ, ಮುನ್ನೂರಕ್ಕೂ ಮೇಲೆ ಸಸಿ ಕಿತ್ತೆ.

ಖಾಲಿ ಜಾಗಕ್ಕೆ ಕಾಂಗ್ರೆಸ್ ಗಿಡ ನುಗ್ಗಿತು, ಅದನ್ನು ನಾನು ನಿರೀಕ್ಷಿಸಿರಲಿಲ್ಲ. ಸ್ಲೈಡಿನಲ್ಲಿ ಜಾಲಿ ಇಳಿದಂತೆ ಮುಳ್ಳಿನ ಕಾಳು ಏರಿತು. ಹೂವಾಗುವ ಮುಂಚೆ ಕೈಗವಸು ಹಾಕಿ ಕೀಳಿಸಿ, ಮುಂಗಾರಿನ ಮೊದಲ ಮಳೆಗೆ ಎರಡು ಸೇರು ತಗಚೆ ಬೀಜ ಎರಚಿದೆ. ತಗಚೆ ಒತ್ತಾಗಿ ಎದ್ದು ನೆರಳು ಮಾಡಿತು, ಕಾಂಗ್ರೆಸ್ ಬಡವಾಯಿತು. ಬದುವಿನುದ್ದಕ್ಕೆ 12 ಅಡಿಗೊಂದು ಹೊಂಗೆ ಇಟ್ಟಿದ್ದೇನೆ.

ನಡುವೆ ಮಾಡಿದ ಬೇರೆ ಪ್ರಯೋಗಗಳಲ್ಲಿ ಸ್ಲೈಡನ್ನು ದಿನಕ್ಕೆ ನಾಲ್ಕು ಸಲ ಬದಲಿಸಿದ್ದು ಫಲ ಕೊಟ್ಟಿತು. ಜಾಲಿಯ ಹೆಚ್ಚಿನ ಕಾಳು ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರೊಳಗೆ. ಆ ಹೊತ್ತು ಮೂಡಣ ಕಿಟಕಿ ಮುಚ್ಚಿ, ಬಟ್ಟೆ ಒಳಗೆ ಒಣಗಿಸಿದರೆ ಸಾಕು, ದಿನವಿಡೀ ಬಾಗಿಲು ಹಾಕಿ ಬೇಯುವುದು ಬೇಡ. ಕಿಟಕಿಗೆ ಒದ್ದೆ ಗೋಣಿತಟ್ಟು ಕಟ್ಟಿದ್ದು ಹತ್ತು ದಿನ ಚೆನ್ನಾಗಿತ್ತು, ಆಮೇಲೆ ಬೂಸ್ಟು ಹಿಡಿದು ಸೀನು ಇಮ್ಮಡಿಯಾಯಿತು. ಊರಿನ ಜೇನು ದಿನಾ ಒಂದು ಚಮಚದಂತೆ ಎರಡು ತಿಂಗಳು ತಿಂದದ್ದರಿಂದ ಕ್ಯಾಲೆಂಡರಿನ ಒಂದು ಗೀಟೂ ಕಡಿಮೆಯಾಗಲಿಲ್ಲ.

ಒಟ್ಟು ಖರ್ಚು 32 ಸಾವಿರದ ಹತ್ತಿರ, ಕಟ್ಟಿಗೆಯ ಹದಿನಾಲ್ಕು ಕಳೆದರೆ ಹದಿನೆಂಟು. ನೇರ ನಾಲ್ಕನೇ ವರ್ಷದ ದಾರಿ ಹಿಡಿದಿದ್ದರೆ ಅರ್ಧದಲ್ಲಿ ಮುಗಿಯುತ್ತಿತ್ತು. ಈ ಫಾಲ್ಗುಣದಲ್ಲಿ ಜಾಲಿಯ ಲೆಕ್ಕ ದಿನಕ್ಕೆ 20ರ ಆಸುಪಾಸು. ಕಾಲುವೆ ದಂಡೆಯ ಜಾಲಿ ಇನ್ನೂ ಇದೆ, ಆ ಕಡೆಯ ಗಾಳಿ ಬೀಸಿದ ದಿನ 30 ದಾಟುತ್ತದೆ. ಮನೆಯಲ್ಲಿ ದಿನಾ ಮಾತ್ರೆ ನುಂಗುತ್ತಿದ್ದ ಮೂವರಲ್ಲಿ ಇಬ್ಬರಿಗೆ ಈಗ ವಾರಕ್ಕೊಂದು ಸಾಕು.

ಅಗೆದ ಗಂಟುಗಳನ್ನು ಗುಂಡಿಯ ಪಕ್ಕ ಬಿಡಬೇಡಿ, ಮಳೆ ಬಿದ್ದರೆ ಮಣ್ಣು ತಾಗಿದ ಕಡೆ ಚಿಗುರುತ್ತವೆ. ಬಂಡೆಯ ಮೇಲೋ ಮಾಳಿಗೆಯ ಮೇಲೋ ಒಂದು ತಿಂಗಳು ಒಣಗಲಿ. ನೀರೊಲೆಗೆ ಆ ಗಂಟಿನಷ್ಟು ಹೊತ್ತು ಉರಿಯುವ ಕಟ್ಟಿಗೆ ಬೇರೆ ಇಲ್ಲ.