ಕುಂಕುಮ ಕಾಣುವ ಕಪ್ಪು-ಬಿಳುಪು ಸೀಮಂತ

"ಸೀಮಂತಕ್ಕೆ ಕಪ್ಪು-ಬಿಳುಪು ಫೋಟೋನಾ? ಅಡ್ವಾನ್ಸ್ ವಾಪಸ್ ಕೊಡೋಕೆ ರೆಡಿ ಇರು" ಎಂದು ನಮ್ಮ ಫೋಟೋಗ್ರಫಿ ಲೈನಿನವರೇ ನಕ್ಕಿದ್ದರು. ಮನೆಯವರಿಗಂತೂ ಕಪ್ಪು-ಬಿಳುಪು ಅಂದರೆ ಗೋಡೆ ಮೇಲಿನ ಹಾರ ಹಾಕಿದ ಫೋಟೋನೇ. ಮೈಸೂರಿನ ಹೆಸರಾಂತ ಪತ್ರಿಕಾ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಕಪ್ಪು-ಬಿಳುಪು ಚಿತ್ರಗಳನ್ನು ತೋರಿಸಿ ನೋಡಿದೆ. "ಚೆನ್ನಾಗಿದೆ, ಆದರೆ ನಮ್ಮನೆಯದು ಶುಭಕಾರ್ಯ ಅಲ್ವಾ" ಎಂದರು. ಈಗ ಅಂಥ ಮನೆಗಳಿಂದಲೇ ನಾಮಕರಣಕ್ಕೂ ಕರೆ ಬರುತ್ತಿದೆ.

ನನ್ನನ್ನು ಕಾಡಿದ್ದು ಶಕುನಕ್ಕಿಂತ ಜಾಸ್ತಿ ಕುಂಕುಮ. ಹಳೇ ಹಳದಿ ಬಲ್ಬಿನ ಬೆಳಕಲ್ಲಿ ಕೆಂಪು ಜಾಸ್ತಿ. ನಾನು ಬಳಸುವ ಎಚ್‌ಪಿ5 ಎಂಬ ಕಪ್ಪು-ಬಿಳುಪು ಫಿಲ್ಮ್‌ನಲ್ಲಿ ಆಗ ಕುಂಕುಮ ತಿಳಿ ಬೂದುಬಣ್ಣಕ್ಕೆ ತಿರುಗಿ ಮೈಬಣ್ಣದಲ್ಲಿ ಕರಗಿಹೋಗುತ್ತದೆ. ತೀರ್ಥಹಳ್ಳಿ ಕಡೆಯ ಒಂದು ಮನೆಯಲ್ಲಿ ಅಜ್ಜಿ ಆಲ್ಬಂ ನೋಡಿ, "ಎಂತ ಮಾರಾಯ ಇದು, ಬಸುರಿ ಹೆಂಗಸಿನ ಹಣೆ ಬೋಳು ಮಾಡಿದ್ಯಲ್ಲ!" ಎಂದರು. ಆಲ್ಬಂ ವಾಪಸ್. 15 ಸಾವಿರದ ಹತ್ತಿರ ಕೈಬಿಟ್ಟಿತು. ಅದಕ್ಕೂ ಮುಂಚೆ ಒಂದು ಲ್ಯಾಬಿನವರು ಎರಡು ರೋಲ್‌ ತುಂಬಾ ಗೀರು ಹಾಕಿ ಕೊಟ್ಟಿದ್ದರು. ಅಂದಿನಿಂದ ಡೆವಲಪಿಂಗ್, ಅಂದರೆ ಫಿಲ್ಮ್ ತೊಳೆಯೋದು, ನಮ್ಮ ಬಚ್ಚಲಮನೆಯಲ್ಲೇ.

ಕೊನೆಗೆ ಕೈಹಿಡಿದದ್ದು ಲೆನ್ಸ್ ಮುಂದೆ ಹಾಕುವ ಹಳದಿ-ಹಸಿರು ಫಿಲ್ಟರ್. ಆದರೆ ಬಲ್ಬ್ ಉರಿಯುತ್ತಿದ್ದರೆ ಅದೂ ಸಾಲದು. ಮೊದಲು ದೀಪ ಆರಿಸಿ, ಮಣೆಯನ್ನು ಮನೆಯೊಳಗಿನ ತೆರೆದ ತೊಟ್ಟಿಯ ಬೆಳಕಿಗೆ ಎಳೆಸುತ್ತೇನೆ. ಆಗ ನೋಡಿ, ಕುಂಕುಮ ಗಾಢವಾಗಿ ಕೂರುತ್ತದೆ. ಹಸಿರು ಬಳೆ ಹೊಳೆಯುತ್ತದೆ. ಮೊದಲು ಒಂದೇ ಬೂದುಬಣ್ಣವಾಗಿ ಕಾಣುತ್ತಿದ್ದ ಹಸಿರು ಸೀರೆ, ಕೆಂಪು ಅಂಚು ಎರಡೂ ಬೇರೆ ಬೇರೆ. ಮೈಬಣ್ಣವೂ ಒಂಚೂರು ಕಪ್ಪಾಗುತ್ತದೆ, ಅದನ್ನು ಪ್ರಿಂಟ್‌ನಲ್ಲಿ ತಿಳಿ ಮಾಡುತ್ತೇನೆ. ಎಷ್ಟು ಅಂತ ಕೇಳಬೇಡಿ, ಅದು ನನ್ನ ಹೊಟ್ಟೆಪಾಡು.

ಫಿಲ್ಟರ್ ಒಂದು ಸ್ಟಾಪ್, ಅಂದರೆ ಅರ್ಧ ಬೆಳಕು, ತಿನ್ನುತ್ತದೆ. ಹಾಗಾಗಿ 400ರ ಫಿಲ್ಮನ್ನು 1600 ಅಂತ ತೆಗೆದು ಜಾಸ್ತಿ ಹೊತ್ತು ಡೆವಲಪ್ ಮಾಡುವ ಪುಷ್, 35 ಎಂಎಂ ಲೆನ್ಸ್, ಅಪರ್ಚರ್ ಎಫ್2, ಶಟರ್ 1/60 ಸೆಕೆಂಡಿನ ಆಸುಪಾಸು. ಡಿ-76 ಡೆವಲಪರ್‌ನ ಸ್ಟಾಕ್‌ನಲ್ಲಿ, ಅಂದರೆ ಮತ್ತೆ ನೀರು ಬೆರೆಸದ ದ್ರಾವಣದಲ್ಲಿ, 20 ಡಿಗ್ರಿಗೆ 13 ನಿಮಿಷ ಇರಬೇಕು. ಏಪ್ರಿಲ್‌ನಲ್ಲಿ ನಲ್ಲಿ ನೀರೇ 27-28 ಡಿಗ್ರಿ, ಡೆವಲಪರ್ ಬಾಟಲಿಯನ್ನು ಐಸ್ ಹಾಕಿದ ಬಕೆಟ್‌ನಲ್ಲಿ ಇಡದೆ ಗತಿಯಿಲ್ಲ. ಕೊನೆಯ ತೊಳೆತಕ್ಕೆ ಬೋರ್‌ವೆಲ್ ನೀರು ಬೇಡ, ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ.

ನಡುವೆ ಕಾಫಿಯಲ್ಲೂ ಡೆವಲಪ್ ಮಾಡಿ ನೋಡಿದೆ. ಇನ್‌ಸ್ಟಂಟ್ ಕಾಫಿಪುಡಿ, ವಾಷಿಂಗ್ ಸೋಡಾ, ವಿಟಮಿನ್ ಸಿ ಪುಡಿ. ಚಿತ್ರ ಬಂತು, ಗ್ರೇನೂ (ಚಿತ್ರದ ಕಣ) ಚೆನ್ನಾಗಿತ್ತು. ನಾತಕ್ಕೆ ಮಾತ್ರ ಹೆಂಡತಿ ಡೆವಲಪಿಂಗ್ ಟ್ಯಾಂಕ್ ಸಮೇತ ಅಂಗಳಕ್ಕೆ ಅಟ್ಟಿದಳು. ಮನೆಯ ಫಿಲ್ಟರ್ ಡಿಕಾಕ್ಷನ್‌ನಲ್ಲಿ ಮಾಡಿದ ನೆಗೆಟಿವ್ ತೀರಾ ತೆಳ್ಳಗೆ ಬಂತು. ದುಡ್ಡು ಕೊಟ್ಟವರ ರೋಲ್‌ಗೆ ಇದೆಲ್ಲ ಬೇಡ.

ಸೀಮಂತದ ಹಿಂದಿನ ದಿನವೇ ಆ ಮನೆಗೆ ಹೋಗಿ ತರಕಾರಿ ಹೆಚ್ಚಲು ಕೂರುತ್ತೇನೆ. ಕ್ಯಾಮೆರಾ ಚೀಲದಲ್ಲೇ ಇರುತ್ತದೆ. ಮರುದಿನ ಬಳೆ ತೊಡಿಸುವಾಗ ಅತ್ತೆ ಸೊಸೆಯ ಬೆರಳುಗಳನ್ನು ಒಟ್ಟುಮಾಡಿ ಒತ್ತುತ್ತಾರೆ, ಸೊಸೆ ತುಟಿ ಕಚ್ಚುತ್ತಾಳೆ, ಯಾರೂ ನನ್ನ ಕಡೆ ನೋಡುವುದಿಲ್ಲ. ವಿಡಿಯೋದವರ ಎಲ್‌ಇಡಿ ಲೈಟ್ ಆ ಹೊತ್ತಿಗೆ ಆರಿರುವಂತೆ ಮಾಡಲು ನನ್ನದೇ ಒಂದು ಉಪಾಯ ಇದೆ, ಅದನ್ನೂ ಇಲ್ಲಿ ಬರೆಯುವುದಿಲ್ಲ.

ರೋಲ್‌ಗೆ ಸಾವಿರ ರೂಪಾಯಿಯ ಹತ್ತಿರ ಬೀಳುತ್ತದೆ, ಒಂದು ಸೀಮಂತಕ್ಕೆ ನಾಲ್ಕೈದು ರೋಲ್. ಈಗ 25 ಸಾವಿರ ಹೇಳುತ್ತೇನೆ, ಅರ್ಧ ಮುಂಗಡ. ಬಣ್ಣದಲ್ಲೂ ಬೇಕು ಅಂದರೆ ಅವತ್ತು ನಕ್ಕವರ ನಂಬರ್ ಕೊಡುತ್ತೇನೆ.